‘ಡಿಸ್‌ಆನರ್’ ಅಂದರೆ ಅವಮಾನ ಅಲ್ಲ: ಚೆಕ್ಕು, ನೋಟಿಸು ಮತ್ತು ನಾಚಿಕೆಯ ಇಂಗ್ಲಿಷ್ ಪದಗಳು

ವಕೀಲರ ನೋಟಿಸಿನಲ್ಲಿ ‘ಯುವರ್ ಚೆಕ್ ವಾಸ್ ಡಿಸ್‌ಆನರ್ಡ್’ ಅಂತ ಒಂದು ಸಾಲು ಇರುತ್ತದೆ. ಅದರ ಅರ್ಥ ಇಷ್ಟೇ: ನೀವು ಕೊಟ್ಟ ಚೆಕ್ಕಿಗೆ ಬ್ಯಾಂಕಿನವರು ಹಣ ಕೊಡಲಿಲ್ಲ. ಆದರೆ ಮೊಬೈಲಿನಲ್ಲಿ ಆ ಪದದ ಅರ್ಥ ಹುಡುಕಿದವನಿಗೆ ಸಿಗುವುದು ಅಪಮಾನ, ಅಗೌರವ, ಅಪಕೀರ್ತಿ. ಮೊದಲೇ ಹಣದ ತಲೆಬಿಸಿ, ಅದರ ಮೇಲೆ ಈ ಪದ. ಓದಿದವನು ಪತ್ರ ಮಡಚಿ ಯಾರಿಗೂ ಕಾಣದ ಹಾಗೆ ಇಟ್ಟುಬಿಡುತ್ತಾನೆ. ತೊಂದರೆ ಶುರುವಾಗುವುದು ಅಲ್ಲಿಂದ.

ನಾನು ಸಣ್ಣ ವ್ಯಾಪಾರಿ. ಮಂಗಳೂರಿನಿಂದ ಕಾಳುಮೆಣಸು, ಗೋಡಂಬಿ, ಏಲಕ್ಕಿ ತಂದು ಉಮರ್ಗಾ, ನಿಲಂಗಾ, ಉದಗೀರದ ಕಿರಾಣಿ ಅಂಗಡಿಗಳಿಗೆ ಹಾಕುತ್ತೇನೆ. ವಾಪಸ್ ಹೋಗುವಾಗ ಆ ಕಡೆಯ ತೊಗರಿಬೇಳೆ ಒಯ್ಯುತ್ತೇನೆ. ಈ ದಾರಿಯಲ್ಲಿ ನಮ್ಮ ಊರಿನ ಕೆಲವು ಹುಡುಗರೂ ಅಂಗಡಿ ಇಟ್ಟುಕೊಂಡಿದ್ದಾರೆ. ಅವರಲ್ಲಿ ಒಬ್ಬ ಉದಗೀರದಲ್ಲಿ ಒಬ್ಬ ಸಪ್ಲಾಯರ್‌ಗೆ ಎಂಬತ್ತು ಸಾವಿರ ಚಿಲ್ಲರೆಯ ಚೆಕ್ ಕೊಟ್ಟಿದ್ದ. ಖಾತೆಯಲ್ಲಿ ಹಣ ಇರಲಿಲ್ಲ, ಚೆಕ್ ವಾಪಸ್ ಬಂತು, ನೋಟಿಸು ಬಂತು. ಅವನು ಅದನ್ನು ಗಲ್ಲಾಪೆಟ್ಟಿಗೆಯ ಅಡಿಗೆ ಹಾಕಿ ಕೂತ. ಇಪ್ಪತ್ತು ದಿನಕ್ಕೆ ಅವನ ಕೈಗೆ ಹಣವೂ ಬಂದಿತ್ತು. ಆದರೆ ಕಾನೂನು ಕೊಟ್ಟ 15 ದಿನ ಆಗಲೇ ಮುಗಿದಿತ್ತು. ಆಮೇಲೆ ನಾಲ್ಕೈದು ಸಲ ಕೋರ್ಟಿಗೆ ಅಲೆದು, ಲೋಕ ಅದಾಲತ್‌ನಲ್ಲಿ ಅಸಲಿನ ಮೇಲೆ ಖರ್ಚನ್ನೂ ಕೊಟ್ಟು ರಾಜಿ ಆಯಿತು. ಯಾಕಪ್ಪಾ ಮೊದಲೇ ಒಂದು ಫೋನ್ ಮಾಡಲಿಲ್ಲ ಅಂತ ಕೇಳಿದರೆ, “ಡಿಸ್‌ಆನರ್ ಅಂತ ಬರ್ದಿತ್ತು ಇಚ್ಚಾ, ಮರ್ಯಾದಿ ಪ್ರಶ್ನೆ ಅಲ್ವಾ, ಯಾರಿಗೆ ಹೇಳುದು?” ಅಂದ.

ಒಂದು ಪದ ತಪ್ಪಾಗಿ ಅರ್ಥ ಆದರೆ ಎಷ್ಟು ಖರ್ಚು ಬೀಳುತ್ತದೆ ನೋಡಿ. ಹಾಗಾಗಿ ಈ ನಾಚಿಕೆ, ಅವಮಾನದ ಇಂಗ್ಲಿಷ್ ಪದಗಳನ್ನು ಸ್ವಲ್ಪ ಬಿಡಿಸಿ ಬರೆಯೋಣ ಅಂತ ಕೂತೆ. ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಓದಿದ್ದು, ಅಂಗಡಿಗಳಲ್ಲಿ ಕಿವಿಗೆ ಬಿದ್ದದ್ದು, ಇವೆರಡೇ ನನ್ನ ಬಂಡವಾಳ.

ಮೊದಲು ಆ ಸೀಮೆಯ ಬಗ್ಗೆ ಒಂದು ಮಾತು. ಉದಗೀರ ಮತ್ತು ನಿಲಂಗಾ ಇವತ್ತು ಲಾತೂರ್ ಜಿಲ್ಲೆಯಲ್ಲಿವೆ, ಉಮರ್ಗಾ ಧಾರಾಶಿವ್ ಜಿಲ್ಲೆಯಲ್ಲಿದೆ, ಅಂದರೆ ಮೊದಲಿನ ಉಸ್ಮಾನಾಬಾದ್. ಎಲ್ಲವೂ ಮಹಾರಾಷ್ಟ್ರ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಉದಗೀರ, ನಿಲಂಗಾ ಎರಡೂ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯ ತಾಲೂಕುಗಳು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಹಾಗಾಗಿ ಅಲ್ಲಿ ಇವತ್ತಿಗೂ ಒಂದೇ ಅಂಗಡಿ ಕಟ್ಟೆಯಲ್ಲಿ ಮರಾಠಿ, ದಖ್ಖನಿ, ಕನ್ನಡ ಮೂರೂ ಕೇಳಿಸುತ್ತವೆ. ಮನೆಯಲ್ಲಿ ಕನ್ನಡ ಆಡಿ, ಅಂಗಡಿಯಲ್ಲಿ ಮರಾಠಿ ಆಡುವ ಕುಟುಂಬಗಳು ಬೇಕಾದಷ್ಟಿವೆ. ನಮ್ಮ ಹುಡುಗರು ಅದರ ಮೇಲೆ ಬ್ಯಾರಿ ಭಾಷೆಯನ್ನೂ ಕಟ್ಟಿಕೊಂಡು ಹೋಗುತ್ತಾರೆ. ಇಷ್ಟು ಭಾಷೆ ಇದ್ದೂ ನೋಟಿಸು ಬರುವುದು ಮಾತ್ರ ಇಂಗ್ಲಿಷಿನಲ್ಲಿ!

ಈಗ ‘ಡಿಸ್‌ಆನರ್’ಗೆ ಬರೋಣ. ಇಂಗ್ಲಿಷಿನಲ್ಲಿ ‘ಆನರ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಾಮಪದವಾದಾಗ ಮಾನ, ಗೌರವ. ಕ್ರಿಯಾಪದವಾಗಿ ಹಣಕಾಸಿನ ಕಾಗದದ ಮುಂದೆ ಬಂದಾಗ ಅದರ ಅರ್ಥ ‘ಒಪ್ಪಿ ಹಣ ಕೊಡುವುದು’. ಟು ಆನರ್ ಎ ಚೆಕ್ ಅಂದರೆ ಚೆಕ್ಕಿಗೆ ಹಾರ ಹಾಕಿ ಸನ್ಮಾನ ಮಾಡುವುದಲ್ಲ, ಅದರ ಮೊತ್ತ ಪಾವತಿ ಮಾಡುವುದು. ಪಾವತಿ ಮಾಡದಿದ್ದರೆ ಡಿಸ್‌ಆನರ್. 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್‌ನ ಕಲಂ 91 ಮತ್ತು 92 ಹೇಳುವುದೂ ಇದನ್ನೇ: ಹುಂಡಿಯನ್ನು ಒಪ್ಪಿಕೊಳ್ಳದಿದ್ದರೆ ಒಂದು ಬಗೆಯ ಡಿಸ್‌ಆನರ್, ಹಣ ಕೊಡದಿದ್ದರೆ ಇನ್ನೊಂದು ಬಗೆ. ಅಲ್ಲಿ ಡಿಸ್‌ಆನರ್ ಆಗುವುದು ಕಾಗದ, ಮನುಷ್ಯ ಅಲ್ಲ. ಸಹಿ ತಾಳೆ ಆಗದಿದ್ದರೂ ಆ ಚೆಕ್ ಡಿಸ್‌ಆನರ್ಡೇ.

ಬ್ಯಾಂಕಿನವರು ಕೊಡುವ ರಿಟರ್ನ್ ಮೆಮೊದಲ್ಲಿ ಸಾಮಾನ್ಯವಾಗಿ ‘ಫಂಡ್ಸ್ ಇನ್‌ಸಫೀಶಿಯಂಟ್’ ಅಂತ ಒಣ ಕಾರಣ ಮಾತ್ರ ಇರುತ್ತದೆ. ಕಾನೂನಿನ ಕಲಂ 138ರ ಶೀರ್ಷಿಕೆಯಲ್ಲೇ ಡಿಸ್‌ಆನರ್ ಇರುವ ಕಾರಣ ವಕೀಲರು ಆ ಪದವನ್ನು ನೋಟಿಸಿಗೆ ಎತ್ತಿಕೊಳ್ಳುತ್ತಾರೆ. ನಮ್ಮನ್ನು ಬೈಯಲಿಕ್ಕಲ್ಲ.

ಮರಾಠಿಯವರ ಆಡುಮಾತು ಇದಕ್ಕಿಂತ ಎಷ್ಟೋ ವಾಸಿ. ‘ಚೆಕ್ ವಟಲಾ ನಾಹೀ’ ಅನ್ನುತ್ತಾರೆ. ವಟಣೆ ಅಂದರೆ ಕಾಗದ ನಗದಾಗುವುದು. ಹೇಳುವವನಿಗೂ ಕೇಳುವವನಿಗೂ ಅದರಲ್ಲಿ ಮಾನದ ಪ್ರಶ್ನೆ ಇಲ್ಲ. ನಮ್ಮ ಕನ್ನಡ ಪತ್ರಿಕೆಗಳು ‘ಚೆಕ್ ಅಮಾನ್ಯ ಪ್ರಕರಣ’ ಅಂತ ಬರೆಯುತ್ತವೆ, ಅದೂ ಪರವಾಗಿಲ್ಲ. ಬಾಯಲ್ಲಿ ನಾವೆಲ್ಲ ‘ಚೆಕ್ ಬೌನ್ಸ್’ ಅಂದುಬಿಡುತ್ತೇವೆ. ಚೆಂಡು ಪುಟಿದ ಹಾಗೆ ವಾಪಸ್ ಬಂತು, ಅಷ್ಟೇ. ಕಷ್ಟ ಆಗುವುದು ಡಿಸ್‌ಆನರ್ ಅನ್ನು ನಿಘಂಟು ಹಿಡಿದು ಅನುವಾದ ಮಾಡಿದಾಗ.

ಹಾಗಾದರೆ ವ್ಯಾಪಾರಿಯ ಮಾನಕ್ಕೂ ಚೆಕ್ಕಿಗೂ ಸಂಬಂಧವೇ ಇಲ್ಲವಾ? ಉಂಟು. ಅದಕ್ಕೆ ಬೇರೆ ಪದ ಉಂಟು. ಮರಾಠಿಯಲ್ಲಿ ‘ಪತ’ ಅಂತಾರೆ. ಮಹಾರಾಷ್ಟ್ರದ ಯಾವ ಪೇಟೆಗೆ ಹೋದರೂ ‘ನಾಗರೀ ಸಹಕಾರೀ ಪತಸಂಸ್ಥಾ’ ಅನ್ನುವ ಬೋರ್ಡ್ ಕಾಣುತ್ತದೆ. ನಮ್ಮಲ್ಲಿ ಅದೇ ‘ಪತ್ತಿನ ಸಹಕಾರ ಸಂಘ’. ಆ ಪತ್ತು, ಈ ಪತ, ಎರಡೂ ಇಂಗ್ಲಿಷಿನ ‘ಕ್ರೆಡಿಟ್’. ಇವನಿಗೆ ಸಾಲ ಕೊಡಬಹುದು, ಹೇಳಿದ ದಿನಕ್ಕೆ ಕೊಡುತ್ತಾನೆ ಅನ್ನುವ ಪೇಟೆಯ ನಂಬಿಕೆ. ಹಿಂದಿ, ಉರ್ದು ಬಲ್ಲ ವ್ಯಾಪಾರಿಗಳು ‘ಸಾಖ್’ ಅನ್ನುವುದು ಇದನ್ನೇ. ಉಮರ್ಗಾದಲ್ಲಿ ಕನ್ನಡ ಮಾತಾಡುವ ಒಬ್ಬ ಹಿರಿಯ ಕಿರಾಣಿ ವ್ಯಾಪಾರಿ ಒಮ್ಮೆ ನನಗೆ ಹೇಳಿದ್ದರು: “ತಮ್ಮಾ, ಚೆಕ್ ವಾಪಸ್ ಬಂದ್ರ ಮಾನ ಹೋಗಂಗಿಲ್ಲ, ಪತ ಹೋಗ್ತದ. ಪತ ಮತ್ತ ಗಳಸಬಹುದು.” ಬಿಸಿನೆಸ್ ಲಾ ಪುಸ್ತಕದಲ್ಲಿ ನಾಲ್ಕು ಪುಟ ಓದಿದರೂ ಇಷ್ಟು ಸ್ಪಷ್ಟ ಆಗಿರಲಿಲ್ಲ ನನಗೆ.

ಹಳೆಯ ಹುಂಡಿ ಕಾನೂನಿನಲ್ಲಿ ಮಾನಕ್ಕೆ ಜಾಗ ಇತ್ತು ಅನ್ನುವುದನ್ನೂ ಹೇಳಬೇಕು. ಅದೇ 1881ರ ಕಾಯ್ದೆಯ ಕಲಂ 113ರಲ್ಲಿ ‘ಪೇಮೆಂಟ್ ಫಾರ್ ಆನರ್’ ಅಂತ ಒಂದು ವ್ಯವಸ್ಥೆ ಇದೆ. ಯಾರದ್ದೋ ಹುಂಡಿಗೆ ಹಣ ಪಾವತಿ ಆಗದೆ ಅದು ನೋಟರಿಯ ಬಳಿ ದಾಖಲಾಗಿದ್ದರೆ, ಮೂರನೆಯವನೊಬ್ಬ ಮುಂದೆ ಬಂದು ‘ಇಂಥವರ ಮಾನಕ್ಕಾಗಿ ನಾನು ಕೊಡುತ್ತೇನೆ’ ಅಂತ ನೋಟರಿಯ ಎದುರು ಹೇಳಿ ಹಣ ಕಟ್ಟಬಹುದು. ಕಲಂ 108ರಲ್ಲಿ ಹುಂಡಿಯನ್ನು ಒಪ್ಪಿಕೊಳ್ಳಲಿಕ್ಕೂ ಇಂಥದ್ದೇ ಅವಕಾಶ. ಇವತ್ತು ನಮ್ಮಂಥವರ ವ್ಯಾಪಾರದಲ್ಲಿ ಇದನ್ನು ಯಾರೂ ಬಳಸುವುದು ನಾನು ನೋಡಿಲ್ಲ, ಪರೀಕ್ಷೆಗೆ ಮಾತ್ರ ಓದಿದ್ದು. ಆದರೆ ಊರಲ್ಲಿ ಒಬ್ಬನ ಸಾಲಕ್ಕೆ ಅವನ ಮಾವನೋ ಕಾಕನೋ ಎದ್ದು ನಿಂತು ‘ಅವನದ್ದು ನಾನು ಕೊಡ್ತೇನೆ ಬಿಡಿ’ ಅನ್ನುವುದು ನಾವೆಲ್ಲ ನೋಡಿದ್ದೇ. ಕಾನೂನು ಬರೆದ ಇಂಗ್ಲಿಷರಿಗೂ ಅದು ಗೊತ್ತಿತ್ತು ಅನ್ನಿ.

ಬ್ಯಾಂಕೇ ತಪ್ಪು ಮಾಡಿದರೆ? ಖಾತೆಯಲ್ಲಿ ಹಣ ಇದ್ದೂ ಚೆಕ್ ವಾಪಸ್ ಮಾಡಿದರೆ ಬ್ಯಾಂಕು ಪರಿಹಾರ ಕೊಡಬೇಕು ಅಂತ ಕಲಂ 31 ಹೇಳುತ್ತದೆ. ಇಂಗ್ಲೆಂಡಿನಲ್ಲಿ 1830ರ ಮಾರ್ಝೆಟ್ಟಿ ವಿರುದ್ಧ ವಿಲಿಯಮ್ಸ್ ಪ್ರಕರಣದಲ್ಲಿ, ನಷ್ಟ ಆಗದಿದ್ದರೂ ಗ್ರಾಹಕನಿಗೆ ಹೆಸರಿಗಾದರೂ ಒಂದು ಪರಿಹಾರ ಸಿಗಬೇಕು ಅಂತಾಯಿತು. 1854ರ ರೋಲಿನ್ ವಿರುದ್ಧ ಸ್ಟೀವರ್ಡ್ ಪ್ರಕರಣದಲ್ಲಿ ಕೋರ್ಟು ಇನ್ನೂ ಮುಂದೆ ಹೋಗಿ, ಚೆಕ್ ಕೊಟ್ಟವನು ವ್ಯಾಪಾರಿಯಾಗಿದ್ದರೆ ಇಂತಿಷ್ಟೇ ನಷ್ಟ ಆಯಿತು ಅಂತ ಲೆಕ್ಕ ತೋರಿಸದೆಯೇ ದೊಡ್ಡ ಪರಿಹಾರ ಪಡೆಯಬಹುದು ಅಂತ ಒಪ್ಪಿತು. ವ್ಯಾಪಾರಿಯ ಪತ ಕೆಟ್ಟರೆ ಆಗುವ ನಷ್ಟವನ್ನು ರಶೀದಿ ಇಟ್ಟು ತೋರಿಸಲಿಕ್ಕೆ ಆಗುವುದಿಲ್ಲ ಅಂತ ಕೋರ್ಟಿಗೂ ಅರ್ಥವಾಗಿತ್ತು.

ಇನ್ನು ನೋಟಿಸು ಬಂದರೆ ಏನು ಮಾಡಬೇಕು, ಇದನ್ನು ಯುವಕರು ಸ್ವಲ್ಪ ಗಮನ ಕೊಟ್ಟು ಓದಿ. ಕಲಂ 138 ಕಾಯ್ದೆಗೆ ಸೇರಿದ್ದು 1988ರ ತಿದ್ದುಪಡಿಯಿಂದ, ಜಾರಿಗೆ ಬಂದದ್ದು 1989ರ ಏಪ್ರಿಲ್ 1ಕ್ಕೆ. ಅದಕ್ಕಿಂತ ಮೊದಲು ಚೆಕ್ ವಾಪಸ್ ಬಂದರೆ ಹಣಕ್ಕಾಗಿ ಸಿವಿಲ್ ದಾವೆ ಹಾಕಬೇಕಿತ್ತು, ಇಲ್ಲವೇ ಮೋಸ ಅಂತ ಸಾಬೀತು ಮಾಡಬೇಕಿತ್ತು. ಈಗ ಚೆಕ್ ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ತಲುಪಿದ 30 ದಿನದೊಳಗೆ ಹಣ ಬರಬೇಕಾದವನು ಲಿಖಿತ ನೋಟಿಸು ಕೊಡಬೇಕು. ನೋಟಿಸು ಕೈಗೆ ಸಿಕ್ಕ 15 ದಿನದೊಳಗೆ ನೀವು ಹಣ ಕೊಟ್ಟರೆ ಅಪರಾಧವೇ ಇಲ್ಲ. ಇದನ್ನು ಎರಡು ಸಲ ಓದಿ. ಚೆಕ್ ವಾಪಸ್ ಬಂದದ್ದೇ ಅಪರಾಧ ಅಲ್ಲ. ನೋಟಿಸು ಸಿಕ್ಕಿಯೂ 15 ದಿನದಲ್ಲಿ ಕೊಡದೆ ಇದ್ದಾಗ ಅಪರಾಧ ಪೂರ್ತಿ ಆಗುತ್ತದೆ. ಆಮೇಲೆ ಒಂದು ತಿಂಗಳೊಳಗೆ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಕೊಡಬಹುದು. ಶಿಕ್ಷೆ ಎರಡು ವರ್ಷದ ತನಕ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನ ತನಕ ದಂಡ, ಅಥವಾ ಎರಡೂ.

ರಿಜಿಸ್ಟರ್ಡ್ ಪೋಸ್ಟ್ ಬಂದಾಗ ‘ಮನೆಯಲ್ಲಿಲ್ಲ ಅಂತ ಬರೆದು ಕಳಿಸಿ’ ಅಂತ ಪೋಸ್ಟ್‌ಮ್ಯಾನ್‌ಗೆ ಹೇಳಿ ಬಚಾವಾಗುವ ಉಪಾಯ ಮಾಡುವವರಿದ್ದಾರೆ. ಪ್ರಯೋಜನ ಇಲ್ಲ. ಕೇರಳದಿಂದ ಹೋದ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಇದನ್ನು ಬಿಡಿಸಿ ಹೇಳಿದೆ: ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆ ಹೋಗಿದ್ದರೆ ತಲುಪಿತು ಅಂತಲೇ ಲೆಕ್ಕ. ನಿಜವಾಗಿ ಸಿಗಲಿಲ್ಲ ಅನ್ನುವವನಿಗೂ ಅದೇ ತೀರ್ಪು ಒಂದು ಬಾಗಿಲು ತೆರೆದಿಟ್ಟಿದೆ: ಕೋರ್ಟಿನ ಸಮನ್ಸ್ ಸಿಕ್ಕಿದ 15 ದಿನದೊಳಗೆ ಹಣ ಕಟ್ಟಿ, ದೂರು ವಜಾ ಮಾಡಿ ಅಂತ ಕೇಳಬಹುದು.

ಗಡಿಯಲ್ಲಿ ವ್ಯಾಪಾರ ಮಾಡುವವರಿಗೆ ಇನ್ನೊಂದು ಸಂಗತಿ ಮುಖ್ಯ. ಕೇಸು ಯಾವ ಊರಲ್ಲಿ ನಡೆಯುತ್ತದೆ? 2014ರಲ್ಲಿ ದಶರಥ ರೂಪಸಿಂಗ್ ರಾಥೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೆಕ್ ಕೊಟ್ಟವನ ಬ್ಯಾಂಕ್ ಇರುವ ಊರಲ್ಲಿ ಅಂದಿತ್ತು. 2015ರ ತಿದ್ದುಪಡಿ ಅದನ್ನು ತಿರುಗಿಸಿತು. ಚೆಕ್ಕನ್ನು ಖಾತೆಗೆ ಜಮೆಗೆ ಹಾಕಿದ್ದರೆ, ಹಣ ಬರಬೇಕಾದವನ ಖಾತೆ ಇರುವ ಶಾಖೆಯ ಊರಿನ ಕೋರ್ಟು. ಅಂದರೆ ನಿಲಂಗಾದ ಅಂಗಡಿಯವನು ಮಂಗಳೂರಿನ ಸಗಟು ವ್ಯಾಪಾರಿಗೆ ಚೆಕ್ ಕೊಟ್ಟು ಅದು ವಾಪಸ್ ಬಂದರೆ ಅವನು ಮಂಗಳೂರಿಗೆ ಬರಬೇಕು. ನಾವು ಉದಗೀರದ ದಾಲ್ ಮಿಲ್ಲಿಗೆ ಕೊಟ್ಟದ್ದು ವಾಪಸ್ ಬಂದರೆ ನಾವೇ ಉದಗೀರಕ್ಕೆ ಹೋಗಬೇಕು. ಬಸ್ಸಿನ ಖರ್ಚು, ಅಂಗಡಿ ಮುಚ್ಚಿದ ದಿನಗಳ ನಷ್ಟ ಎಲ್ಲ ಲೆಕ್ಕ ಹಾಕಿದರೆ 15 ದಿನದಲ್ಲಿ ಯಾರದ್ದಾದರೂ ಕೈಕಾಲು ಹಿಡಿದು ಹಣ ಹೊಂದಿಸುವುದೇ ಅಗ್ಗ.

ಕೋರ್ಟಿಗೆ ಹೋದ ಮೇಲೆ ಇನ್ನೊಂದು ಪದ ಕಾಯುತ್ತಿರುತ್ತದೆ, ‘ಗಿಲ್ಟಿ’. ಮಹಾರಾಷ್ಟ್ರದ ಕೋರ್ಟಿನಲ್ಲಿ ‘ಗುನ್ಹಾ ಕಬೂಲ್ ಆಹೆ ಕಾ?’ ಅಂತ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಡು ಯು ಪ್ಲೀಡ್ ಗಿಲ್ಟಿ. ಇಲ್ಲಿ ಗಿಲ್ಟ್ ಮತ್ತು ಶೇಮ್ ಬೇರೆ ಬೇರೆ ಅಂತ ಗೊತ್ತಿರಬೇಕು. ಗಿಲ್ಟ್ ಅಂದರೆ ಮಾಡಿದ ಕೆಲಸದ ತಪ್ಪು. ಶೇಮ್ ಅಂದರೆ ನಾಲ್ಕು ಜನರ ಕಣ್ಣಲ್ಲಿ ಸಣ್ಣವನಾದೆ ಅನ್ನುವ ಸಂಕಟ. ಒಬ್ಬನೇ ಕೂತಾಗಲೂ ಚುಚ್ಚುವುದು ಗಿಲ್ಟ್, ಯಾರಾದರೂ ನೋಡಿದರೆ ಸುಡುವುದು ಶೇಮ್ ಅಂತ ಒರಟಾಗಿ ಹೇಳಬಹುದು. ಕೋರ್ಟಿನ ಗಿಲ್ಟಿಗೆ ಇವೆರಡೂ ಭಾವನೆ ಲೆಕ್ಕಕ್ಕಿಲ್ಲ. ಅದು ‘ಈ ಕಾನೂನಿನ ಪ್ರಕಾರ ನೀನು ಅಪರಾಧಿ ಅಂತ ಒಪ್ಪುತ್ತೀಯಾ’ ಅನ್ನುವ ಪ್ರಶ್ನೆ ಮಾತ್ರ. ನಾಚಿಕೆಯಿಂದ ತಲೆ ತಗ್ಗಿಸಿ, ಒಮ್ಮೆ ಮುಗಿದರೆ ಸಾಕು ಅಂತ ‘ಹೋ ಸಾಹೇಬ್’ ಅಂದುಬಿಟ್ಟರೆ ಅದು ಒಪ್ಪಿಗೆ ಅಂತಲೇ ದಾಖಲಾಗುತ್ತದೆ. ಚೆಕ್ ಬರೀ ಸೆಕ್ಯೂರಿಟಿಗೆ ಕೊಟ್ಟದ್ದಿರಬಹುದು, ಅರ್ಧ ಹಣ ಆಗಲೇ ಫೋನ್‌ಪೇಯಲ್ಲಿ ಹೋಗಿರಬಹುದು. ಅದನ್ನೆಲ್ಲ ಹೇಳುವ ಅವಕಾಶ ಒಂದು ‘ಹೋ’ದಲ್ಲಿ ಹೋಯಿತು. ವಕೀಲರ ಹತ್ತಿರ ಮಾತಾಡದೆ ಈ ಪ್ರಶ್ನೆಗೆ ಉತ್ತರ ಕೊಡಬೇಡಿ.

ಸುಪ್ರೀಂ ಕೋರ್ಟೇ 2021ರ ಪಿ. ಮೋಹನ್‌ರಾಜ್ ಪ್ರಕರಣದಲ್ಲಿ ಕಲಂ 138ರ ಕೇಸನ್ನು ಕ್ರಿಮಿನಲ್ ತೋಳದ ಚರ್ಮ ಹೊದ್ದ ಸಿವಿಲ್ ಕುರಿ ಅಂತ ಕರೆದಿದೆ. ತೋಳ ಅಂತ ಹೆದರಿ ಓಡುವವನಿಗೆ ಒಳಗಿನ ಕುರಿ ಕಾಣುವುದಿಲ್ಲ. ಈ ಕೇಸು ಯಾವ ಹಂತದಲ್ಲೂ ರಾಜಿ ಆಗಬಹುದು, ಕಲಂ 147 ಅದಕ್ಕೇ ಇರುವುದು.

ಸರಿ, ಕಾನೂನು ಸಾಕು. ‘ಶೇಮ್’ನ ಸಂಸಾರವನ್ನು ನೋಡೋಣ. ಕನ್ನಡದ ‘ನಾಚಿಕೆ’ಯ ಒಳಗೆ ಇಂಗ್ಲಿಷಿನ ಮೂರ್ನಾಲ್ಕು ಪದಗಳು ಒಟ್ಟಿಗೆ ಕೂತಿವೆ. ಮದುಮಗಳು ನಾಚುತ್ತಾಳೆ, ಮಗು ನೆಂಟರನ್ನು ಕಂಡು ನಾಚುತ್ತದೆ, ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ‘ನಾಚಿಕೆ ಆಗುದಿಲ್ವಾ’ ಅಂತ ಬೈಯುತ್ತೇವೆ. ಮರಾಠಿಯ ‘ಲಾಜ್’ ಕೂಡ ಹೀಗೇ. ಬಹಿರಂಗವಾಗಿ ಮುಖಭಂಗ ಆದರೆ ಮರಾಠಿಯಲ್ಲಿ ‘ನಾಚಕ್ಕಿ’ ಅನ್ನುವುದೂ ಉಂಟು, ಕಿವಿಗೆ ನಮ್ಮ ನಾಚಿಕೆಯ ಹಾಗೆಯೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ. ಮಗು ‘ಶೈ’, ಅದು ‘ಅಶೇಮ್ಡ್’ ಅಲ್ಲ. ಇಂಟರ್‌ವ್ಯೂಗೆ ಹೋದ ಹುಡುಗ ಐ ಆಮ್ ಶೈ ಅಂದರೆ ಸಂಕೋಚದ ಸ್ವಭಾವ ಅಂತ ಅರ್ಥ. ಐ ಆಮ್ ಅಶೇಮ್ಡ್ ಅಂದರೆ ಏನೋ ತಪ್ಪು ಮಾಡಿ ನಾಚಿದ್ದಾನೆ ಅಂತ ಎದುರಿನವರು ತಿಳಿಯುತ್ತಾರೆ. ಐ ಆಮ್ ಶೇಮ್‌ಫುಲ್ ಅನ್ನಲೇಬೇಡಿ. ಶೇಮ್‌ಫುಲ್ ಅನ್ನುವುದು ಹೆಚ್ಚಾಗಿ ಕೆಲಸಕ್ಕೆ ಹೇಳುವ ಮಾತು: ನಾಚಿಕೆಗೇಡಿನ ಕೆಲಸ.

ಉರ್ದುವಿನ ‘ಹಯಾ’ಕ್ಕೆ ನಮ್ಮವರು ಕೆಲವರು ಇಂಗ್ಲಿಷಿನಲ್ಲಿ ಶೇಮ್ ಅಂತ ಬರೆಯುವುದನ್ನು ನೋಡಿದ್ದೇನೆ. ಅದು ಪೂರ್ತಿ ಉಲ್ಟಾ. ಹಯಾ ಇರುವುದು ಒಳ್ಳೆಯ ಗುಣ, ಇಂಗ್ಲಿಷಿನಲ್ಲಿ ಹತ್ತಿರದ ಪದ ‘ಮಾಡೆಸ್ಟಿ’. ಶೇಮ್ ಅನ್ನುವುದು ಆ ಗುಣಕ್ಕೆ ಪೆಟ್ಟು ಬಿದ್ದ ಮೇಲೆ ಬರುವಂಥದ್ದು.

‘ವಾಟ್ ಎ ಶೇಮ್’ ಅಂತೂ ನಮ್ಮವರನ್ನು ಚೆನ್ನಾಗಿ ಬೀಳಿಸುತ್ತದೆ. ದುಬೈಯಲ್ಲಿ ಕೆಲಸ ಮಾಡುವ ನಮ್ಮ ನೆಂಟನೊಬ್ಬ, ತಾಯಿಗೆ ಹುಷಾರಿಲ್ಲ, ಆಫೀಸಿನ ಪಾರ್ಟಿಗೆ ಬರಲಿಕ್ಕೆ ಆಗುವುದಿಲ್ಲ ಅಂತ ಮೆಸೇಜ್ ಹಾಕಿದ. ಇಂಗ್ಲೆಂಡಿನ ಮ್ಯಾನೇಜರ್ ‘ವಾಟ್ ಎ ಶೇಮ್’ ಅಂತ ಉತ್ತರ ಕೊಟ್ಟ. ಇವನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನನಗೆ ನಾಚಿಕೆಗೇಡು ಅಂತ ಹೇಳಿದ ಅಂತ. ಅಲ್ಲ ಮಾರಾಯ, ಅದರ ಅರ್ಥ ‘ಅಯ್ಯೋ ಪಾಪ, ಎಂಥ ಕೆಲಸ ಆಯ್ತು’ ಅಂತ. ಬೈಗುಳ ಆಗುವುದು ‘ಶೇಮ್ ಆನ್ ಯು’. ಒಂದು ‘ಆನ್’ ಮತ್ತು ಒಂದು ‘ವಾಟ್’ ನಡುವೆ ಇಷ್ಟು ವ್ಯತ್ಯಾಸ.

‘ಎಂಬರಾಸ್‌ಮೆಂಟ್’ ಶೇಮ್‌ಗಿಂತ ಹಗುರ, ಮುಜುಗರ. ಮಸೀದಿಗೆ ಹೋಗಿ ಬರುವಾಗ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದರೆ ಎಂಬರಾಸಿಂಗ್. ಬೇಕೆಂದೇ ಹಾಕಿಕೊಂಡು ಬಂದರೆ ಶೇಮ್‌ಫುಲ್. ಹಳೆಯ ಇಂಗ್ಲಿಷ್ ವ್ಯಾಪಾರಿ ಪತ್ರಗಳಲ್ಲಿ ‘ಫೈನಾನ್ಶಿಯಲಿ ಎಂಬರಾಸ್ಡ್’ ಅಂದರೆ ಸದ್ಯ ಕೈಯಲ್ಲಿ ಕಾಸಿಲ್ಲ ಅಂತ ಮರ್ಯಾದೆಯಿಂದ ಹೇಳುವುದು. ‘ಡಿಸ್‌ಗ್ರೇಸ್’ ಇನ್ನೂ ಭಾರ. ಇದ್ದ ಸ್ಥಾನ, ಇದ್ದ ಗೌರವ ಕಳೆದುಕೊಳ್ಳುವುದು. ಲಂಚ ತಿಂದು ಕೆಲಸ ಕಳೆದುಕೊಂಡ ಅಧಿಕಾರಿಗೆ ಹೇಳುವುದು ಅದನ್ನು. ‘ಇನ್‌ಫೇಮಸ್’ ಅಂದರೆ ಫೇಮಸ್ ಅಲ್ಲದವನು ಅಂತ ತಿಳಿದು ಒಬ್ಬ ಹುಡುಗ ಸ್ವವಿವರದಲ್ಲಿ ‘ಐ ಆಮ್ ಫ್ರಮ್ ಆ್ಯನ್ ಇನ್‌ಫೇಮಸ್ ವಿಲೇಜ್’ ಅಂತ ಬರೆದಿದ್ದ. ಅವನ ಊರು ಕುಖ್ಯಾತ ಅಂತಾಯಿತು.

ಪರ್ಷಿಯನ್ನಿನಿಂದ ಮರಾಠಿಗೂ ಉತ್ತರ ಕರ್ನಾಟಕದ ಕನ್ನಡಕ್ಕೂ ಬಂದ ‘ಅಬ್ರೂ’ ಇದೆಯಲ್ಲ, ಅದರ ಮೂಲ ಅರ್ಥ ಮುಖದ ನೀರು, ಮುಖದ ಕಾಂತಿ ಅಂತ. ಮರಾಠಿ ಪತ್ರಿಕೆಯಲ್ಲಿ ‘ಅಬ್ರುನುಕಸಾನೀಚಾ ದಾವಾ’ ಅಂತ ಓದಿದರೆ ಅದು ನಮ್ಮ ‘ಮಾನನಷ್ಟ ಮೊಕದ್ದಮೆ’, ಇಂಗ್ಲಿಷಿನ ‘ಡಿಫಮೇಶನ್’. ಇದು ‘ಇನ್‌ಸಲ್ಟ್’ ಅಲ್ಲ. ನಿಮ್ಮನ್ನು ಎದುರಿಗೇ ಬೈದರೆ ಇನ್‌ಸಲ್ಟ್. ನಿಮ್ಮ ಬಗ್ಗೆ ಮೂರನೆಯವರಿಗೆ ಹೇಳಿ ಅವರ ಕಣ್ಣಲ್ಲಿ ನಿಮ್ಮ ಹೆಸರು ಕೆಡಿಸಿದರೆ ಡಿಫಮೇಶನ್. ಬರಹದಲ್ಲಿ ಮಾಡಿದರೆ ‘ಲೈಬಲ್’, ಬಾಯಲ್ಲಿ ಮಾಡಿದರೆ ‘ಸ್ಲ್ಯಾಂಡರ್’ ಅಂತ ಇಂಗ್ಲೆಂಡಿನ ಕಾನೂನು ಭಾಗ ಮಾಡುತ್ತದೆ. ನಮ್ಮ ಕ್ರಿಮಿನಲ್ ಕಾನೂನಿಗೆ ಎರಡೂ ಒಂದೇ. ಮೊದಲು ಐಪಿಸಿ 499 ಮತ್ತು 500 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 356. ಎರಡು ವರ್ಷದ ತನಕ ಜೈಲು ಅಥವಾ ದಂಡದ ಜೊತೆಗೆ ಸಮುದಾಯ ಸೇವೆಯ ಶಿಕ್ಷೆಯೂ ಈಗ ಸೇರಿದೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಣ ಕೊಡದವನ ಫೋಟೋವನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ‘ಈ ವಂಚಕನಿಂದ ಎಚ್ಚರ’ ಅಂತ ಬರೆಯುವ ಚಾಳಿ ನಮ್ಮಲ್ಲೂ ಜೋರಾಗಿದೆ. ಇಂಗ್ಲಿಷಿನಲ್ಲಿ ‘ನೇಮ್ ಆ್ಯಂಡ್ ಶೇಮ್’ ಅನ್ನುತ್ತಾರೆ. ನಿಮ್ಮ ಹಣ ಬರಲಿಕ್ಕಿದೆ ಅನ್ನುವುದು ನಿಜವೇ ಇರಬಹುದು. ಆದರೆ ಸತ್ಯ ಅಂದ ಮಾತ್ರಕ್ಕೆ ಬಚಾವಾಗುವುದಿಲ್ಲ, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಅಂತಲೂ ತೋರಿಸಬೇಕು. ಹಣ ಬರಬೇಕಾದವನೇ ಆರೋಪಿ ಆಗುವ ದಾರಿ ಇದು. 2020ರ ಮಾರ್ಚ್‌ನಲ್ಲಿ ಲಕ್ನೋದಲ್ಲಿ ಸಿಎಎ ವಿರೋಧಿ ಪ್ರತಿಭಟನೆಯ ಆರೋಪಿಗಳ ಫೋಟೋ, ಹೆಸರು, ವಿಳಾಸ ಹಾಕಿ ಸರಕಾರ ರಸ್ತೆಯಲ್ಲಿ ಹೋರ್ಡಿಂಗ್ ನಿಲ್ಲಿಸಿದಾಗ, ಅಲಹಾಬಾದ್ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡು ಅವನ್ನು ತೆಗೆಯಿರಿ ಅಂತ ಆದೇಶ ಮಾಡಿತ್ತು. ಆಗ ಅದನ್ನು ಹಂಚಿಕೊಂಡು ಸಂತೋಷಪಟ್ಟ ನಾವೇ ಮರುದಿನ ಒಬ್ಬ ಬಡ ಸಾಲಗಾರನ ಆಧಾರ್ ಕಾರ್ಡ್ ಗ್ರೂಪಿಗೆ ಹಾಕುವುದು ಸರಿಯಾ?

ಸಾಲ ವಸೂಲಿಗೆ ಬರುವವರಿಗೂ ಇದೇ ಮಿತಿ ಇದೆ. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಸಾಲಗಾರನನ್ನು ಸಾರ್ವಜನಿಕವಾಗಿ ‘ಹ್ಯೂಮಿಲಿಯೇಟ್’ ಮಾಡಬಾರದು, ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕಬಾರದು, ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ಹೇಳಿದೆ. ಹ್ಯೂಮಿಲಿಯೇಟ್ ಅಂದರೆ ಇನ್ನೊಬ್ಬರು ಬೇಕೆಂದೇ ನಮ್ಮನ್ನು ಕೆಳಗಿಳಿಸುವುದು. ಶೇಮ್ ನಮ್ಮೊಳಗೆ ಹುಟ್ಟುತ್ತದೆ, ಹ್ಯೂಮಿಲಿಯೇಶನ್ ಹೊರಗಿನಿಂದ ಬೀಳುತ್ತದೆ. ದೂರು ಬರೆಯುವಾಗ ‘ಐ ಫೆಲ್ಟ್ ಶೇಮ್’ ಅಂತ ಬರೆದರೆ ಏಜೆಂಟನ ತಪ್ಪು ಕಾಣುವುದಿಲ್ಲ. ‘ಹಿ ಹ್ಯೂಮಿಲಿಯೇಟೆಡ್ ಮಿ ಇನ್ ಪಬ್ಲಿಕ್’ ಅಂತ ಬರೆದು, ದಿನ, ಸಮಯ, ಯಾರೆದುರು ಅಂತ ಸೇರಿಸಿದರೆ ಮೇಲಿನ ಸುತ್ತೋಲೆಯ ಪದಕ್ಕೇ ತಾಗುತ್ತದೆ. ಮರಾಠವಾಡದಲ್ಲಿ ಸಾಲದ ಹೊರೆಯಲ್ಲಿ ರೈತರು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಹಾಗಾಗಿ ಮನೆಬಾಗಿಲಲ್ಲಿ ನಿಂತು ಕೂಗುವವನ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ.

ಕೊನೆಗೆ, ಹೆಣ್ಣುಮಕ್ಕಳ ವಿಷಯದಲ್ಲಿ ಈ ಪದಗಳು ಏನು ಮಾಡುತ್ತವೆ ಅನ್ನುವುದು. ಉದಗೀರದಲ್ಲಿ ಮರಾಠಿ ಪತ್ರಿಕೆ ಓದುವಾಗ ‘ವಿನಯಭಂಗ’ ಅಂತ ಕಂಡರೆ ನಮ್ಮ ಹುಡುಗರಿಗೆ ಯಾರೋ ವಿನಯ ಇಲ್ಲದೆ ಮಾತಾಡಿದ್ದಾರೆ ಅನ್ನಿಸಬಹುದು. ಅದು ಇಂಗ್ಲಿಷಿನ ‘ಔಟ್‌ರೇಜಿಂಗ್ ಮಾಡೆಸ್ಟಿ’, ಐಪಿಸಿ 354, ಈಗ ನ್ಯಾಯ ಸಂಹಿತೆಯ ಕಲಂ 74. ಮಹಿಳೆಯ ಮೇಲೆ ಕೈ ಮಾಡುವ ಅಪರಾಧ. ಕನ್ನಡ ಪತ್ರಿಕೆಗಳು ಇದನ್ನೇ ‘ಮಾನಭಂಗ’ ಅಂದವು. ಮಾನ ಭಂಗ ಆಯಿತು ಅಂದರೆ ಮಾನ ಹೋದದ್ದು ಅವಳದ್ದು ಅಂತ ಪದವೇ ತೀರ್ಪು ಕೊಟ್ಟ ಹಾಗಾಯಿತು.

ಮಾಡೆಸ್ಟಿ ಅಂದರೆ ಏನು ಅಂತ ಸುಪ್ರೀಂ ಕೋರ್ಟ್ 1966ರಲ್ಲೇ ಕೇಳಿಕೊಂಡಿದೆ. ಪಂಜಾಬ್ ಸರಕಾರ ವಿರುದ್ಧ ಮೇಜರ್ ಸಿಂಗ್ ಪ್ರಕರಣ. ಹಿಂಸೆಗೆ ಒಳಗಾದದ್ದು ಏಳೂವರೆ ತಿಂಗಳ ಹೆಣ್ಣುಮಗು. ನಾಚಿಕೆ ಅಂದರೆ ಏನು ಅಂತ ಗೊತ್ತಿಲ್ಲದ ಕೂಸಿಗೆ ಮಾಡೆಸ್ಟಿ ಇರುತ್ತದಾ ಅನ್ನುವುದು ಪ್ರಶ್ನೆ. ಮುಖ್ಯ ನ್ಯಾಯಮೂರ್ತಿ ಸರ್ಕಾರ್ ಇಲ್ಲ ಅಂದರು. ಮುಧೋಳ್ಕರ್ ಮತ್ತು ಬಚಾವತ್ ಇಬ್ಬರೂ ಇದೆ ಅಂದರು, ಬಹುಮತ ಅದೇ ಆಯಿತು. ಹೆಣ್ಣಾಗಿ ಹುಟ್ಟಿದ್ದರಿಂದಲೇ ಆ ರಕ್ಷಣೆ ಅವಳಿಗಿದೆ, ಅವಳಿಗೆ ನಾಚಿಕೆ ಆಯಿತಾ ಇಲ್ಲವಾ ಅನ್ನುವುದರ ಮೇಲೆ ಅದು ನಿಂತಿಲ್ಲ ಅನ್ನುವುದು ಅದರ ಸಾರ. ಅಷ್ಟು ಹಿಂದೆಯೇ ನ್ಯಾಯಾಲಯ ನಾಚಿಕೆಯನ್ನು ಲೆಕ್ಕದಿಂದ ಹೊರಗಿಟ್ಟಿದೆ. ನಮ್ಮ ಮನೆಗಳಲ್ಲಿ ಇವತ್ತಿಗೂ ದೂರು ಕೊಡುವುದಾ ಬೇಡವಾ ಅನ್ನುವ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ‘ಜನ ಏನು ಹೇಳಿಯಾರು’. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕೈಪಿಡಿ ತಂದು, ತೀರ್ಪುಗಳಲ್ಲಿ ಹೆಣ್ಣನ್ನು ಶೀಲವಂತೆ, ಶೀಲಗೆಟ್ಟವಳು ಅಂತೆಲ್ಲ ವರ್ಣಿಸುವ ಇಂಗ್ಲಿಷ್ ಪದಗಳ ಬದಲು ಬರೀ ‘ಮಹಿಳೆ’ ಅಂತ ಬರೆಯಿರಿ ಅಂದಿತು.

ಕನ್ನಡ ಪತ್ರಿಕೆಗಳು ಒಂದು ಪದದಲ್ಲಿ ಇಂಗ್ಲಿಷಿಗಿಂತ ಮುಂದೆ ಹೋಗಿವೆ ಅನ್ನುವುದನ್ನು ಹೇಳಲೇಬೇಕು. ಮನೆಯವರೇ ಮಗಳನ್ನೋ ಅವಳು ಮೆಚ್ಚಿದವನನ್ನೋ ಕೊಂದರೆ ಇಂಗ್ಲಿಷ್ ಪತ್ರಿಕೆಗಳು ‘ಆನರ್ ಕಿಲ್ಲಿಂಗ್’ ಅನ್ನುತ್ತವೆ, ಮರಾಠಿಯವರೂ ಅದನ್ನೇ ನಾಗರಿ ಲಿಪಿಯಲ್ಲಿ ಬರೆಯುತ್ತಾರೆ. 2006ರ ಲತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಕೊಲೆಯಲ್ಲಿ ಆನರ್ ಅನ್ನುವಂಥದ್ದು ಏನೂ ಇಲ್ಲ ಅಂದಿತ್ತು. ಆದರೂ ಹೆಸರು ಹಾಗೇ ಉಳಿಯಿತು. ಕನ್ನಡದಲ್ಲಿ ಮೊದಲು ‘ಮರ್ಯಾದಾ ಹತ್ಯೆ’ ಅಂತಿದ್ದುದು ‘ಮರ್ಯಾದೆಗೇಡು ಹತ್ಯೆ’ ಆಯಿತು. ಮಧ್ಯೆ ಎರಡೇ ಅಕ್ಷರ ಸೇರಿದ್ದು. ಮೊದಲ ಪದದಲ್ಲಿ ಮರ್ಯಾದೆ ಕೊಂದವನ ಕಡೆ ಇತ್ತು, ಈಗ ಗೇಡು ಅವನ ಕಡೆ ಇದೆ.